ಓಆರ್‌ಎಸ್‌ನಲ್ಲಿ ಸಕ್ಕರೆ ಬರೀ ರುಚಿಗಾ?

ಪ್ರಶ್ನೆ: ಮಗನಿಗೆ ಮೂರು ವರ್ಷ. ಹೋದ ವಾರ ಭೇದಿ ಶುರುವಾದಾಗ ಡಾಕ್ಟ್ರು ಓಆರ್‌ಎಸ್ ಕೊಟ್ರು. ನಮ್ಮತ್ತೆ ಮಾತ್ರ ಸಿಹಿ ಕೊಟ್ರೆ ಭೇದಿ ಜಾಸ್ತಿ ಆಗುತ್ತೆ, ಉಪ್ಪು ನೀರು ಸಾಕು ಅಂತಾರೆ. ಸಕ್ಕರೆ ಯಾಕೆ ಬೇಕು?
- ಓದುಗರು, ಹಾವೇರಿ

ಉತ್ತರ: ರುಚಿಗಲ್ಲಮ್ಮ, ಸಕ್ಕರೆ ಇಲ್ದಿದ್ರೆ ಆ ಉಪ್ಪು ಸರಿಯಾಗಿ ಮೈಗೆ ಹತ್ತೋದೇ ಇಲ್ಲ. ಕರುಳಿನ ಒಳಗೋಡೆಯ ಒಂದೊಂದು ಜೀವಕೋಶದ ಸುತ್ತಲೂ ಕೊಬ್ಬಿನ ತೆಳು ಪೊರೆ ಇರುತ್ತೆ, ಉಪ್ಪು ಕರಗಿದಾಗ ಬರೋ ಸೋಡಿಯಂ ಕಣಕ್ಕೆ ಚಾರ್ಜ್ ಇರೋದ್ರಿಂದ ಅದು ಈ ಕೊಬ್ಬನ್ನ ದಾಟಲ್ಲ, ಗ್ಲೂಕೋಸ್, ಅಂದ್ರೆ ಓಆರ್‌ಎಸ್‌ನಲ್ಲಿರೋ ಸಕ್ಕರೆ, ಅದೂ ತಾನಾಗೇ ನುಸುಳಲ್ಲ. ಪೊರೆಯಲ್ಲಿರೋ ಪ್ರೋಟೀನ್‌ಗಳೇ ಇವನ್ನ ದಾಟಿಸ್ಬೇಕು. ಅದ್ರಲ್ಲಿ ಎಸ್‌ಜಿಎಲ್‌ಟಿ1 ಅಂತ ಒಂದಿದೆ, ಎರಡು ಸೋಡಿಯಂ ಜೊತೆ ಒಂದು ಗ್ಲೂಕೋಸ್ ಸೇರಿದ್ರೇನೇ ಒಳಗೆ ಎಳ್ಕೊಳ್ಳುತ್ತೆ. ಇವು ಹೋದ ಕಡೆಗೆ ನೀರೂ ಹೋಗುತ್ತೆ.

ಕಾಲರಾ ಥರದ ಭೇದಿಯಲ್ಲಿ ಬರೀ ಉಪ್ಪನ್ನ ಹೀರೋ ದಾರಿ ಕಟ್ಟಿ ಹೋಗುತ್ತೆ, ಆದ್ರೆ ಈ ಜೋಡಿ ದಾರಿ ತೆರೆದೇ ಇರುತ್ತೆ, ನನಗೆ ತುಂಬಾ ಆಶ್ಚರ್ಯ ಅನ್ಸೋದು ಇದೇ. ಗ್ಲೂಕೋಸು ಸೋಡಿಯಂ ಒಟ್ಟಿಗೆ ಸಾಗ್ತವೆ ಅಂತ ರಾಬರ್ಟ್ ಕ್ರೇನ್ ಅನ್ನೋ ವಿಜ್ಞಾನಿ 1960ರಲ್ಲಿ ಪ್ರಾಗ್‌ನಲ್ಲಿ ಹೇಳಿದ್ರು. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಕ್ಯಾಂಪಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟ್ಲಿ ಸಾಲದೇ ಹೋದಾಗ ಡಾ. ದಿಲೀಪ್ ಮಹಲನಬಿಸ್ ಅವ್ರು ಉಪ್ಪು ಗ್ಲೂಕೋಸ್ ಬೆರೆಸಿದ ನೀರನ್ನ ಡ್ರಮ್‌ಗಳಲ್ಲಿಟ್ಟು ಕುಡಿಸಿದ್ರು, ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳೀತು. ಎಷ್ಟು ಜನ ತಾಯಂದಿರಿಗೆ ಮಕ್ಕಳು ಉಳಿದ್ರು ಯೋಚ್ನೆ ಮಾಡಿ.

ಹಾಗಂತ ನಿಮ್ಮತ್ತೆ ಮಾತು ಪೂರ್ತಿ ತಪ್ಪಲ್ಲ. ಉಪ್ಪಿನಕಾಯಿಗೆ ಅಂತ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ರೆ ಬೆಳಗಾಗೋದ್ರಲ್ಲಿ ನೀರು ಬಿಟ್ಟಿರುತ್ತಲ್ಲ, ಸಕ್ಕರೆ ಅತಿಯಾದ್ರೂ ಕರುಳು ಹಾಗೇ ನೀರು ಬಿಡುತ್ತೆ, ಭೇದಿ ಜಾಸ್ತಿ ಆಗುತ್ತೆ. ಅದಕ್ಕೇ ಕೂಲ್‌ಡ್ರಿಂಕು, ಪ್ಯಾಕೆಟ್ ಜ್ಯೂಸು ದಯವಿಟ್ಟು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯೂಎಚ್‌ಒ) ಈಗಿನ ಅಳತೆ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಸ್ವಲ್ಪ ಪೊಟ್ಯಾಶಿಯಂ ಮತ್ತೆ ಸಿಟ್ರೇಟ್. ಲೀಟರ್ ಪ್ಯಾಕೆಟ್ ಆದ್ರೆ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಿ, ಅರ್ಧ ಲೋಟಕ್ಕೆ ಸ್ವಲ್ಪ ಪುಡಿ ಅಂತ ಅಂದಾಜಲ್ಲಿ ಕಲಸಬೇಡಿ, 24 ಗಂಟೆ ಆದ್ಮೇಲೆ ಉಳಿದಿದ್ದನ್ನ ಚೆಲ್ಲಿಬಿಡಿ. ವಾಂತಿ ಮಾಡ್ಕೊಂಡ್ರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನಕ್ಕೆ ಮತ್ತೆ ಶುರು ಮಾಡಿ. ಮಗು ಸುಸ್ತಾಗಿ ಕುಡಿಯೋದೇ ಬಿಟ್ರೆ, ಕಣ್ಣು ಗುಳಿ ಬಿದ್ರೆ, ಮಲದಲ್ಲಿ ರಕ್ತ ಕಂಡ್ರೆ ಮನೇಲಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ ಹೋಗಿ.