ಬಾಗಿಲು ಮುಚ್ಚಿತಾ ಎಂದು ಕೇಳಿದ ತಂಗಿಗೆ

ತಂಗಿ, ನೀವು ಬರೆದದ್ದು ಓದಿದೆ. ದೇವರೇ ದಾರಿ ತೆರೆದರು ಅಂತ ನಂಬಿ ಪರದೇಶಕ್ಕೆ ಬಂದಿರಿ. ಬಂದ ಮೇಲೆ ಕೆಲಸ ಕೊಡುತ್ತೇವೆ ಎಂದಿದ್ದವರು ಕೈಬಿಟ್ಟರು, ವೀಸಾ ಅರ್ಜಿಯೂ ತಿರಸ್ಕಾರವಾಯಿತು. ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿ ಮಾಡಿಲ್ಲ ಅಂದಿದ್ದೀರಿ. ದೇವರ ಚಿತ್ತವನ್ನು ತಪ್ಪಾಗಿ ತಿಳಿದುಕೊಂಡೆನಾ, ಇಲ್ಲಿ ಬದುಕುವುದು ಹೇಗೆ ಅಂತ ಕೇಳಿದ್ದೀರಿ.

ಇಷ್ಟು ಹೊತ್ತಿಗೆ ಯಾರಾದರೂ ನಿಮಗೆ ಬೈಬಲ್ಲಿನ ಯೆರೆಮೀಯ 29:11 ಕಳಿಸಿರುತ್ತಾರೆ, ಅಲ್ವಾ? ನಿಮಗಾಗಿ ದೇವರ ಬಳಿ ಒಳ್ಳೆಯ ಯೋಚನೆಗಳಿವೆ ಅನ್ನುವ ಆ ವಚನ. ಚೆನ್ನಾಗಿಯೇ ಇದೆ. ಆದರೆ ಅದರ ಹಿಂದಿನ ವಚನವನ್ನು ಯಾರೂ ಕಳಿಸುವುದಿಲ್ಲ! ಅದರಲ್ಲಿ 70 ವರ್ಷ ಅಂತ ಇದೆ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಪತ್ರ ಕೈಗೆ ಬಂದಾಗ ನಡುವಯಸ್ಸಾಗಿದ್ದವರು ಮತ್ತೆ ಊರು ಕಾಣುವ ಹಾಗೇ ಇರಲಿಲ್ಲ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತದೆ ಅಂತ ದೇವಾಲಯದಲ್ಲೇ ನಿಂತು ಸಾರಿದ್ದ. ಅದು ಸುಳ್ಳಾಯಿತು. ಆದರೂ ಇವತ್ತಿಗೂ ಹನನ್ಯನಂಥವರಿಗೇ ಆಮೆನ್ ಜಾಸ್ತಿ.

ಹಾಗಾದರೆ ಪತ್ರ ಏನು ಮಾಡಿ ಅನ್ನುತ್ತದೆ? ಮನೆ ಕಟ್ಟಿಕೊಳ್ಳಿ. ತೋಟ ಹಾಕಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ದೇವರಾದ ನಾನು ನಿಮ್ಮನ್ನು ಕಳಿಸಿದ ಪಟ್ಟಣಕ್ಕೆ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಿ. ತಮ್ಮನ್ನು ಹಿಡಿದುತಂದವರ ಪಟ್ಟಣಕ್ಕೇ! ಅಡ್ಡಿ ತೊಲಗಿದ ಮೇಲೆ ಬದುಕು ಶುರುಮಾಡಿ ಅಂತ ದೇವರು ಹೇಳಲಿಲ್ಲ. ಹಾಗಾಗಿ ಮೊದಲು ಆ ಸೂಟ್‌ಕೇಸ್ ಖಾಲಿ ಮಾಡಿ. ಪಕ್ಕದ ಮನೆಯವರ ಹೆಸರು ಕೇಳಿಕೊಳ್ಳಿ. ಭಾಷೆ ಅರ್ಧಂಬರ್ಧ ಅರ್ಥವಾದರೂ ಹತ್ತಿರದ ಕ್ರೈಸ್ತ ಸಭೆಗೆ ಹೋಗಿ ಕೂತುಕೊಳ್ಳಿ.

ಇನ್ನು ದೇವರ ಚಿತ್ತದ ವಿಷಯ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ನಿಧಾನವಾಗಿ ಓದಿ. ಊರೂರು ತಿರುಗಿ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲ ಆಸ್ಯ ಸೀಮೆಯಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ವಾಕ್ಯ ಸಾರಬೇಕೆಂದರೆ ಪವಿತ್ರಾತ್ಮ ತಡೆದನು. ಬಿಥೂನ್ಯಕ್ಕೆ ಹೊರಟರೆ ಅಲ್ಲೂ ತಡೆ. ಯಾಕೆ ಅಂತ ವಿವರಣೆ ಇಲ್ಲ. ಕೊನೆಗೆ ತ್ರೋವ ಎಂಬ ಊರಿನಲ್ಲಿ ರಾತ್ರಿ ದರ್ಶನವಾಗಿ ಮಕೆದೋನ್ಯಕ್ಕೆ ಹೋದ. ಅಲ್ಲಿ ಫಿಲಿಪ್ಪಿಯಲ್ಲಿ ಮನಸ್ಸು ಕೊಟ್ಟು ಕೇಳಿದವಳು ಲುದ್ಯ. ಅವಳ ಊರು ಥುವತೈರ, ಅದು ಇದ್ದದ್ದು ಅದೇ ಆಸ್ಯ ಸೀಮೆಯಲ್ಲಿ. ಆಮೇಲೆ ಏನಾಯಿತು? ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಏಟು ಬಿತ್ತು, ಕಾಲಿಗೆ ಕೋಳ ಹಾಕಿ ಸೆರೆಮನೆಗೆ ದಬ್ಬಿದರು. ಅಷ್ಟು ಸ್ಪಷ್ಟವಾದ ದರ್ಶನ ಸಿಕ್ಕಿ ಹೋದವರಿಗೇ ಹೀಗಾಯಿತು. ಕಷ್ಟ ಬಂತು ಅಂದ ಮಾತ್ರಕ್ಕೆ ನೀವು ದಾರಿ ತಪ್ಪಿದ್ದೀರಿ ಅಂತಲ್ಲ.

ಅದೇ ಪೌಲ ಥೆಸಲೋನಿಕದವರಿಗೆ, ನಿಮ್ಮ ಬಳಿಗೆ ಬರಬೇಕೆಂದಿದ್ದೆವು, ಸೈತಾನನು ತಡೆದನು ಅಂತ ಬರೆದ. ಎಲ್ಲಾ ತಡೆಗೂ ಒಂದೇ ಕಾರಣ ಕೊಡಲಿಲ್ಲ. ನಿಮ್ಮ ವೀಸಾ ತಿರಸ್ಕಾರ ದೇವರಿಂದಲೋ, ಸೈತಾನನಿಂದಲೋ, ಸುಮ್ನೆ ಒಬ್ಬ ಗುಮಾಸ್ತನ ಕಣ್ತಪ್ಪಿನಿಂದಲೋ? ಈಗಲೇ ತೀರ್ಮಾನ ಮಾಡಬೇಕಾಗಿಲ್ಲ.

ಮೇಲ್ಮನವಿಗೆ ಅವಕಾಶವಿದ್ದರೆ ಗಡುವಿನೊಳಗೆ ಹಾಕಿ, ಈ ಕೆಲಸ ಗೊತ್ತಿರುವ ವಕೀಲರ ಹತ್ತಿರವೇ ಹೋಗಿ. ನಂಬಿಕೆ ಇರುವವರಿಗೆ ವಕೀಲ ಯಾಕೆ ಅನ್ನುವವರು ಸಿಗುತ್ತಾರೆ. ಪೌಲ ತಾನೇ ರೋಮಿನ ಚಕ್ರವರ್ತಿ ಕೈಸರನಿಗೆ ಮೇಲ್ಮನವಿ ಹಾಕಿಕೊಂಡವನು. ಯೋಸೇಫ ಸೆರೆಯಲ್ಲಿದ್ದಾಗ ಫರೋಹನ ಪಾನದಾಯಕನಿಗೆ, ನನ್ನನ್ನು ನೆನಪಿಟ್ಟುಕೋ, ಇಲ್ಲಿಂದ ಬಿಡಿಸು ಅಂತ ಬಾಯಿಬಿಟ್ಟೇ ಕೇಳಿದ. ಆ ಮನುಷ್ಯ ಪೂರ್ತಿ ಎರಡು ವರ್ಷ ಮರೆತೇಬಿಟ್ಟ. ‘ನೀವು ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದರು’ ಅನ್ನುವ ಅರ್ಥದ ಮಾತು ತನ್ನನ್ನು ಗುಂಡಿಗೆ ತಳ್ಳಿದ್ದ ಅಣ್ಣಂದಿರಿಗೆ ಯೋಸೇಫನ ಬಾಯಲ್ಲಿ ಬಂದದ್ದು ಎಷ್ಟೋ ವರ್ಷಗಳ ಮೇಲೆ, ತಂದೆ ತೀರಿಕೊಂಡ ನಂತರ. ಗುಂಡಿಯಲ್ಲಿ ಬಿದ್ದಿದ್ದಾಗ ಅವನಿಗೆ ಯಾರೂ ಬಂದು ಆ ಉಪದೇಶ ಮಾಡಲಿಲ್ಲ. ನಿಮಗೂ ಯಾರಾದರೂ ಫೋನಿನಲ್ಲಿ ಅದನ್ನೇ ಮಾಡಿದರೆ ಥ್ಯಾಂಕ್ಸ್ ಹೇಳಿ ಇಟ್ಟುಬಿಡಿ.

ಪ್ರಾರ್ಥನೆಗೆ ಮಾತೇ ಬಾರದ ದಿನ 13ನೇ ಕೀರ್ತನೆ ಗಟ್ಟಿಯಾಗಿ ಓದಿ. ‘ಇನ್ನೂ ಎಷ್ಟು ದಿನ ಕರ್ತನೇ’ ಅಂತಲೇ ಅದು ಶುರುವಾಗುವುದು. ಅಪ್ಪ ಅಮ್ಮನಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಎಲ್ಲಾ ಚೆನ್ನಾಗಿದೆ ಅಂತ ಸುಳ್ಳು ಹೇಳಿ ದೇವರ ಮಾನ ಉಳಿಸುವ ಕೆಲಸ ನಿಮಗೆ ಯಾರೂ ಕೊಟ್ಟಿಲ್ಲ.