ಜಾರಿಬಿದ್ದ ತಾಯಿ, ಪರಿಚಯದ ಅಂಗಡಿ

ನಮಸ್ಕಾರ. ನೀವು ನ್ಯೂಜೆರ್ಸಿಯ ಎಡಿಸನ್ ಊರಿಗೆ ಬಂದು ಇನ್ನೂ ಐದು ತಿಂಗಳಾಗಿಲ್ಲ. ಅಷ್ಟರಲ್ಲೇ, ನಿಮ್ಮೊಡನೆ ಇರಲು ಬಂದ ತಾಯಿಯವರು ದಿನಸಿ ಅಂಗಡಿಯ ತರಕಾರಿ ಸಾಲಿನಲ್ಲಿ ಒದ್ದೆ ನೆಲದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡದ್ದನ್ನು ಓದಿ ಬೇಸರವಾಯಿತು. ನೀವು ಕೇಳಿರುವುದು ಎರಡು: ಅಂಗಡಿಯವರಿಂದ ಪರಿಹಾರ ಕೇಳಬಹುದೇ, ಮತ್ತು ಕೇಳಿದರೆ ‘ಬಂದ ಕೂಡಲೇ ಅಮೆರಿಕದವರ ಚಾಳಿ ಕಲಿತರು’ ಎಂದು ನಮ್ಮವರು ಆಡಿಕೊಳ್ಳುವುದಿಲ್ಲವೇ ಎಂದು. 22 ವರ್ಷಗಳಿಂದ ನ್ಯೂಜೆರ್ಸಿಯಲ್ಲಿರುವ ನನಗೆ ಎರಡನೆಯದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ, ಏಕೆಂದರೆ ಅದಕ್ಕೆ ಅಂಜಿಯೇ ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಕೇಳಲು ಹೋಗುವುದಿಲ್ಲ.

ಕಾಫಿ ಚೆಲ್ಲಿಕೊಂಡ ಅಜ್ಜಿಗೆ ಲಕ್ಷಾಂತರ ಡಾಲರ್ ಸಿಕ್ಕಿತಂತೆ ಎಂಬ ಕತೆಯನ್ನು ಬೆಂಗಳೂರಿನಲ್ಲಿದ್ದಾಗಲೇ ಕೇಳಿ ನಾನೂ ನಕ್ಕವನೇ. ನಡೆದದ್ದು ಬೇರೆ. 1992ರಲ್ಲಿ, ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ, 79 ವರ್ಷದ ಸ್ಟೆಲ್ಲಾ ಲೀಬೆಕ್ ಅವರು ನಿಂತಿದ್ದ ಕಾರಿನಲ್ಲಿ ಕುಳಿತು ಮೆಕ್‌ಡೊನಾಲ್ಡ್ಸ್‌ನ ಕಾಫಿ ಲೋಟವನ್ನು ಮಂಡಿಗಳ ನಡುವೆ ಇಟ್ಟುಕೊಂಡು ಮುಚ್ಚಳ ತೆಗೆಯುವಾಗ ಅದು ಮಗುಚಿತು. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದು ಕುಡಿಯುವ ನಮಗೆ ಬಿಸಿ ಕಾಫಿ ಹೊಸದೇನಲ್ಲ, ಆದರೆ ಆ ಕಾಫಿಯನ್ನು ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂಬುದು ಕಂಪನಿಯ ನಿಯಮವಾಗಿತ್ತು. ಚರ್ಮ ಆಳದವರೆಗೂ ಬೆಂದು, ಚರ್ಮದ ಕಸಿ ಮಾಡಬೇಕಾಯಿತು. ಅವರು ಮೊದಲು ಕೇಳಿದ್ದು 20,000 ಡಾಲರ್. ಕಂಪನಿ ಕೊಡಲು ಒಪ್ಪಿದ್ದು 800. ಹಿಂದಿನ ಹತ್ತು ವರ್ಷಗಳಲ್ಲಿ ಕಾಫಿಯಿಂದ ಮೈ ಸುಟ್ಟಿತೆಂಬ 700ಕ್ಕೂ ಹೆಚ್ಚು ದೂರುಗಳು ಕಂಪನಿಗೆ ಬಂದಿದ್ದವೆಂಬುದು ಕೋರ್ಟಿನಲ್ಲಿ ಹೊರಬಿತ್ತು. 1994ರಲ್ಲಿ ಜ್ಯೂರಿಯವರು, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರು, 2 ಲಕ್ಷ ಡಾಲರ್ ಪರಿಹಾರ ಹೇಳಿ, ಅಜ್ಜಿಯದೂ 20% ತಪ್ಪಿದೆಯೆಂದು ಅಷ್ಟನ್ನು ಕಳೆದರು. ಮೇಲೆ ದಂಡವಾಗಿ ಸೇರಿಸಿದ 27 ಲಕ್ಷವನ್ನು ನ್ಯಾಯಾಧೀಶರು 4.8 ಲಕ್ಷಕ್ಕೆ ಇಳಿಸಿದರು. ಕೊನೆಗೆ ಎರಡೂ ಕಡೆಯವರು ಹೊರಗೇ ರಾಜಿಯಾದರು. ಜನರ ಬಾಯಲ್ಲಿ ಉಳಿದದ್ದು ಆ 27 ಲಕ್ಷ ಮಾತ್ರ.

ಇನ್ನು ನಿಮ್ಮ ವಿಷಯ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟಿನ ಮುಂದೆ 1966ರಲ್ಲಿ ಬಂದ ಒಂದು ಪ್ರಕರಣವು ಸೂಪರ್‌ಮಾರ್ಕೆಟ್ಟಿನ ನೆಲದ ಮೇಲೆ ಬಿದ್ದಿದ್ದ ಒಂದೇ ಒಂದು ಹುರುಳಿಕಾಯಿಯನ್ನು ಕುರಿತದ್ದು, ಅಂದರೆ ನಾವು ಬೀನ್ಸ್ ಎನ್ನುವ ಅದೇ ಕಾಯಿ. ಗಿರಾಕಿಗಳೇ ಕೈಹಾಕಿ ಆರಿಸಿಕೊಳ್ಳುವಂತೆ ತರಕಾರಿಯನ್ನು ತೆರೆದಿಟ್ಟು ಮಾರುವವನು, ಅದು ನೆಲಕ್ಕೆ ಬೀಳುವುದು ಸಹಜವೆಂದು ತಿಳಿದು ಎಚ್ಚರ ವಹಿಸಬೇಕು, ವಹಿಸಿದ್ದೇನೆಂದು ತೋರಿಸಬೇಕಾದವನೂ ಅವನೇ, ಎಂಬುದು ಅಲ್ಲಿಂದ ಬೆಳೆದುಬಂದ ನಿಯಮ. ಹಾಗೆಂದು ಬಿದ್ದವರಿಗೆಲ್ಲ ಹಣ ಬರುವುದಿಲ್ಲ. ನೆಲ ಒದ್ದೆಯೆಂದು ಎಚ್ಚರಿಸುವ ಹಳದಿ ಫಲಕ ಇಟ್ಟಿದ್ದರೇ, ತಾಯಿಯವರು ಅದನ್ನು ಕಂಡೂ ನಡೆದರೇ ಎಂಬುದನ್ನು ತೂಗಿ ನೋಡುತ್ತಾರೆ. ಅವರ ತಪ್ಪು ಅರ್ಧಕ್ಕಿಂತ ಹೆಚ್ಚೆಂದಾದರೆ ಏನೂ ಸಿಗದು.

ಅಂಗಡಿಯವರು ಪರಿಚಯದವರು, ಹಬ್ಬಕ್ಕೆ ಬಾಳೆಎಲೆ ಎತ್ತಿಟ್ಟು ಕೊಡುವವರು ಎಂದು ಬರೆದಿದ್ದೀರಿ. ಆದರೆ ಹಣ ಸಾಮಾನ್ಯವಾಗಿ ಅವರ ಗಲ್ಲಾಪೆಟ್ಟಿಗೆಯಿಂದ ಬರುವುದಿಲ್ಲ, ಅವರು ವರ್ಷವರ್ಷವೂ ಕಂತು ಕಟ್ಟುತ್ತಿರುವ ವಿಮೆಯಿಂದ ಬರುತ್ತದೆ. 2015ರಲ್ಲಿ ಕನೆಕ್ಟಿಕಟ್‌ನಲ್ಲಿ, ಹುಟ್ಟುಹಬ್ಬದ ದಿನ ಓಡಿಬಂದು ಅಪ್ಪಿಕೊಂಡ ಹುಡುಗನಿಂದ ಮಣಿಕಟ್ಟು ಮುರಿಯಿತೆಂದು ಒಬ್ಬಾಕೆ ಅವನ ಮೇಲೆಯೇ ಹೂಡಿದ್ದ ದಾವೆ ವಿಚಾರಣೆಗೆ ಬಂದಾಗ ದೇಶವೆಲ್ಲ ಆಕೆಯನ್ನು ಶಪಿಸಿತು. ಮನೆಯ ವಿಮೆಯಿಂದ ಹಣ ಬರಬೇಕಾದರೆ, ವಿಮಾ ಕಂಪನಿಯ ಬದಲು ಹುಡುಗನ ಹೆಸರನ್ನೇ ಬರೆಯಬೇಕಿತ್ತೆಂಬುದು ಬೈದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ. ಆಕೆ ಸೋತರು, ಅದು ಬೇರೆ ಮಾತು.

‘ಕೋರ್ಟಿಗೆ ಹೋಗಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಕೇಳಿ ಬೆಳೆದ ನಾನು, ಬಾಡಿಗೆಗಿದ್ದ ಕಟ್ಟಡದ ಮೆಟ್ಟಿಲ ಮೇಲಿನ ಹಿಮದಲ್ಲಿ ಜಾರಿ ಪಾದದ ಕೀಲು ಮುರಿದುಕೊಂಡಾಗ ಸುಮ್ಮನಿದ್ದೆ. ಮೂರು ವಾರದ ನಂತರ ಆಸ್ಪತ್ರೆಯ ಬಿಲ್ಲು ಬಂದಾಗ ಕೇಳಲು ಹೋದರೆ, ಕ್ಯಾಮೆರಾದ ಚಿತ್ರ ಅಳಿಸಿಹೋಗಿದೆ, ನೀವು ಬಿದ್ದದ್ದಕ್ಕೆ ನಮ್ಮಲ್ಲಿ ದಾಖಲೆಯೇ ಇಲ್ಲ ಎಂದರು. ಆ ಸಾಲ ತೀರಿಸಲು ಹದಿನಾಲ್ಕು ತಿಂಗಳು ಬೇಕಾಯಿತು. ನಿಮ್ಮ ತಾಯಿಯವರ ಪ್ರವಾಸಿ ವಿಮೆಗೂ ಮಿತಿ ಇರುತ್ತದೆ, ಅದನ್ನು ಈಗಲೇ ಓದಿ ನೋಡಿ.

ದಾವೆಗೆ ಎರಡು ವರ್ಷದ ಗಡುವು ಇದೆ, ಅವಸರ ಬೇಡ. ಇಂಥ ಕೇಸು ಹಿಡಿಯುವ ವಕೀಲರು ಸಾಮಾನ್ಯವಾಗಿ ಮುಂಗಡ ಶುಲ್ಕ ಕೇಳುವುದಿಲ್ಲ. ಹಣ ಬಂದರೆ ಸುಮಾರು ಮೂರನೆಯ ಒಂದು ಪಾಲು ಅವರದು. ಆದರೆ ಈ ವಾರವೇ ಅಂಗಡಿಗೆ ಹೋಗಿ, ಬಿದ್ದ ದಿನ ಮತ್ತು ಹೊತ್ತನ್ನು ಬರೆಸಿ ಪ್ರತಿ ಕೇಳಿ, ಕ್ಯಾಮೆರಾದ ಚಿತ್ರವನ್ನು ಉಳಿಸಿಡಿ ಎಂದು ಪತ್ರವನ್ನೂ ಕೊಡಿ. ವಿಮೆಯವರು ಫೋನ್ ಮಾಡಿ ಮಾತನ್ನು ರೆಕಾರ್ಡ್ ಮಾಡುತ್ತೇವೆಂದರೆ ವಕೀಲರನ್ನು ಕೇಳಿ ಹೇಳುತ್ತೇನೆನ್ನಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅಂದು ತಾಯಿಯವರು ಹಾಕಿಕೊಂಡಿದ್ದ ಚಪ್ಪಲಿಯನ್ನು ತೊಳೆಯದೆ, ಒಂದು ಚೀಲದಲ್ಲಿ ಕಟ್ಟಿಡಿ.