‘ಕೈ ಸತ್ತುಹೋಗಿದೆ ಮೇಡಂ’

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಅವರಿಗೆ 54 ವರ್ಷ. ವಾರಪತ್ರಿಕೆಯ ಕಥೆಗಳಿಗೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದೇ ಸಂಸಾರ ನಡೆಸಿದವರು. ನಿಬ್ಬು, ಇಂಡಿಯನ್ ಇಂಕ್, ದಪ್ಪ ಕಾಗದ, ಇಷ್ಟೇ ಬಂಡವಾಳ. ಈಚೆಗೆ ಕೆಲಸ ಕಡಿಮೆ. ಬಂದರೂ ‘ಫೈಲ್ ಕಳಿಸಿ, ಲೇಯರ್ ಬೇರೆ ಬೇರೆ ಇರಲಿ’ ಅನ್ನುತ್ತಾರೆ, ಅಂದರೆ ಗೆರೆ, ಬಣ್ಣ ಒಂದರ ಮೇಲೊಂದು ಬೇರೆ ಬೇರೆ ಪದರಗಳಲ್ಲಿರಬೇಕು. ಮಗಳು ಪೆನ್ ಟ್ಯಾಬ್ಲೆಟ್ ತಂದುಕೊಟ್ಟಳು; ಆ ಹಲಗೆಯ ಮೇಲೆ ಪೆನ್ನಿನಿಂದ ಎಳೆದರೆ ಗೆರೆ ಕಂಪ್ಯೂಟರ್ ಸ್ಕ್ರೀನ್ ಮೇಲೆ ಮೂಡುತ್ತದೆ. ಜೊತೆಗೆ ಇವರಿಗೊಂದು ಆಸೆ ಹುಟ್ಟಿತು: ತಮ್ಮ ಚಿತ್ರಗಳನ್ನಿಟ್ಟು ಮಕ್ಕಳಿಗೆ ಅಕ್ಷರ ಕಲಿಸುವ ಆ್ಯಪ್ ಮಾಡಬೇಕು. ರಾತ್ರಿ ಎರಡರವರೆಗೆ ಯೂಟ್ಯೂಬ್ ಪಾಠ, ಹಗಲೆಲ್ಲ ಸಿಡುಕು. ಕೌನ್ಸೆಲಿಂಗ್‌ಗೆಂದು ನನ್ನ ಹತ್ತಿರ ಕರೆತಂದದ್ದು ಹೆಂಡತಿ.

“ಕೈ ಸತ್ತುಹೋಗಿದೆ ಮೇಡಂ. ಇಷ್ಟು ವರ್ಷ ಬರೆದವನಿಗೆ ಒಂದು ಮೂಗು ಬರೆಯೋಕಾಗ್ತಿಲ್ಲ.”

ಮುಂದಿನ ಸಲ ಟ್ಯಾಬ್ಲೆಟ್ ತರಲು ಹೇಳಿದೆ. ನನ್ನೆದುರೇ ಬರೆದರು. ಕೈ ಮೇಜಿನ ಮೇಲೆ, ಕಣ್ಣು ಸ್ಕ್ರೀನ್ ಮೇಲೆ. ಕೈ ಒಂದಿಂಚು ಸರಿದರೆ ಗೆರೆ ಮೂರಿಂಚು ಓಡುತ್ತಿತ್ತು. ಮಣಿಕಟ್ಟಿಗೆ ಕೂತಿದ್ದ ಅಳತೆಯೇ ತಪ್ಪಿತ್ತು, ಅಷ್ಟೆ. ಇನ್ನೊಂದು ಸಂಗತಿಯೂ ಕಂಡಿತು. ಗೆರೆ ಎಳೆಯುವುದು, ಕಂಟ್ರೋಲ್ ಝಡ್ ಒತ್ತಿ ಅದನ್ನು ಅಳಿಸುವುದು, ಮತ್ತೆ ಎಳೆಯುವುದು. ಮೂಗು ಮುಗಿಯಲೇ ಇಲ್ಲ.

“ಕಾಗದದ ಮೇಲೆ ಸೊಟ್ಟಗಾದ್ರೆ ಏನ್ ಮಾಡ್ತಿದ್ರಿ?”

“ನೆರಳು ಹಾಕಿ ಮುಚ್ಚಿಬಿಡ್ತಿದ್ದೆ. ಪ್ರೆಸ್ಸಿನ ಹುಡುಗ ಬಾಗಿಲಲ್ಲೇ ನಿಂತಿರ್ತಿದ್ದ.” ಮೊದಲ ಸಲ ನಕ್ಕರು.

ನೋವು ಇನ್ನೂ ಒಳಗಿತ್ತು. ಓಣಿಯವರೆಲ್ಲ ‘ಮೇಷ್ಟ್ರೇ’ ಅನ್ನುವಾಗ, ಮನೆಯಲ್ಲಿ ಮಗಳು ಬೆನ್ನ ಹಿಂದೆ ನಿಂತು ‘ಅಪ್ಪಾ, ಹಾಗಲ್ಲ’ ಅನ್ನುತ್ತಾಳೆ. ಅವಳದು ಪ್ರೀತಿಯೇ, ಆದರೆ ಇವರಿಗೆ ಚುಚ್ಚುತ್ತದೆ. ಅವಳನ್ನೂ ಕರೆಸಿದೆ. ಅವರು ಕೇಳಿದಾಗ ಮಾತ್ರ ಹೇಳಮ್ಮ, ಮೌಸ್ ಮಾತ್ರ ಕೈಗೆ ತಗೋಬೇಡ ಅಂದೆ.

ಅವರಿಗೆ ಹೇಳಿದ್ದು: ಎರಡು ವಿದ್ಯೆ ಒಟ್ಟಿಗೆ ಬೇಡ. ಬೆಳಿಗ್ಗೆ ಶಾಯಿಯಲ್ಲೇ ಬರೆಯಿರಿ. ಅದನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. ಕ್ರಿಟಾದಲ್ಲಿ ಗೆರೆಯ ಲೇಯರನ್ನು ಮಲ್ಟಿಪ್ಲೈಗೆ ಹಾಕಿ (ಕಾಗದದ ಬಿಳಿ ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ), ಕೆಳಗಿನ ಲೇಯರಿನಲ್ಲಿ ಬಣ್ಣ ತುಂಬಿ. ಆ ಸಾಫ್ಟ್‌ವೇರ್ ಪುಕ್ಕಟೆ. ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ಇಡೀ ಸ್ಕ್ರೀನ್ ಕೊಡದೆ ಟ್ಯಾಬ್ಲೆಟ್‌ನಷ್ಟೇ ಅಳತೆಯ ಜಾಗ ಕೊಡಿ. ಮೇಲೊಂದು ಕಾಗದ ಅಂಟಿಸಿದರೆ ಪೆನ್ ಜಾರುವುದಿಲ್ಲ. ದಿನಕ್ಕೊಂದು ಚಿತ್ರವನ್ನು ಕಂಟ್ರೋಲ್ ಝಡ್ ಮುಟ್ಟದೆ ಮುಗಿಸಿ, ಚೆನ್ನಾಗಿರದಿದ್ದರೂ ಸರಿ. ಹತ್ತು ಗಂಟೆಗೆ ಕಂಪ್ಯೂಟರ್ ಬಂದ್. ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ನೋಡಲೇಬೇಕು. ಇದನ್ನು ಹೆಂಡತಿಗೂ ಹೇಳಿದೆ.

“ಹಾಗಾದ್ರೆ ಆ್ಯಪ್?”

ಕೈಬಿಡಿ ಅನ್ನಲಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆ್ಯಪ್ ಇನ್ವೆಂಟರ್‌ನಲ್ಲಿ ಕೋಡ್ ಬರೆಯಬೇಕಿಲ್ಲ, ಬ್ಲಾಕ್ ಜೋಡಿಸಿದರೆ ಸಾಕು. ಆದರೆ 49 ಅಕ್ಷರಕ್ಕೂ ಕೈಹಾಕಬೇಡಿ, ಅ ಆ ಇ ಈ ಸಾಕು. ಮುಟ್ಟಿದರೆ ಚಿತ್ರ ಬರಲಿ, ದನಿ ಕೇಳಲಿ. ಮೊದಲು ಮನೆಯ ಫೋನಿನಲ್ಲೇ ಓಡಲಿ. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್ ಕಟ್ಟಬೇಕು, ಅದು ದೊಡ್ಡದಲ್ಲ. ಆದರೆ ಹೊಸದಾಗಿ ವೈಯಕ್ತಿಕ ಖಾತೆ ತೆರೆಯುವವರು ಕನಿಷ್ಠ 12 ಜನರಿಂದ ಸತತ 14 ದಿನ ಆ್ಯಪ್ ಪರೀಕ್ಷೆ ಮಾಡಿಸಬೇಕು. ಆ ಹನ್ನೆರಡು ಜನ ಯಾರು ಅಂತ ಕೇಳಿದೆ.

ಭಾನುವಾರ ಚಿತ್ರ ಕಲಿಯಲು ಬರುವ ಮಕ್ಕಳ ತಾಯಂದಿರ ಹೆಸರು ಒಂದೊಂದಾಗಿ ಹೇಳತೊಡಗಿದರು. ಒಂಬತ್ತಕ್ಕೆ ನಿಂತಿತು. ಇನ್ನು ಮೂವರು ಬೇಕು.